ಬಂದೂಕಿನ ಮರ: ದುರಸ್ತಿಯ ಧರ್ಮವಿಚಾರ

ಮುರಿದುದನ್ನು ಸರಿಪಡಿಸುವುದು ಸತ್ಕಾರ್ಯವೆಂಬ ವಿಷಯದಲ್ಲಿ ಲೋಕದಲ್ಲಿ ಭಿನ್ನಾಭಿಪ್ರಾಯವಿಲ್ಲ. ಸೀಳಿದ ತಾಮ್ರದ ಕೊಡವನ್ನು ಕಂಚುಗಾರನು ಬೆಸೆಯುತ್ತಾನೆ. ಹರಿದ ಕೌದಿಗೆ ಮನೆಯ ಹಿರಿಯಳು ತೇಪೆ ಹಾಕುತ್ತಾಳೆ. ಸಡಿಲಿದ ಬಂಡಿಯ ಗಾಲಿಗೆ ಬಡಿಗನು ಹೊಸ ಅರವನ್ನು ಕೂಡಿಸುತ್ತಾನೆ. ಇವರಲ್ಲಿ ಯಾರೂ ತಮ್ಮ ಕೆಲಸವು ಧರ್ಮವೋ ಅಧರ್ಮವೋ ಎಂದು ಕುಳಿತು ಚಿಂತಿಸುವುದಿಲ್ಲ. ಚಿಂತಿಸಬೇಕಾದ ಕಾರಣವೂ ಇಲ್ಲ. ಕೊಡವು ನೀರಿಗಾಗಿ, ಕೌದಿಯು ಚಳಿಗಾಗಿ, ಗಾಲಿಯು ಹೊಲದ ಹಾದಿಗಾಗಿ ಇರುವಂಥವು. ಉಪಯೋಗವು ಮರಳಿ ಬಂದಿತೆಂದರೆ ದುರಸ್ತಿಯು ಸಾರ್ಥಕವಾಯಿತು. ಆದರೆ ಉಪಯೋಗವು ಎಂದೋ ಹೋಗಿ ಕೇವಲ ನೆನಪು ಉಳಿದಿರುವ ವಸ್ತುವೊಂದು ಮುರಿದಾಗ ಅದಕ್ಕೆ ಮರಳಿ ಕೊಡತಕ್ಕದ್ದು ಯಾವುದು? ಅದರ ಮೊದಲಿನ ರೂಪವೋ, ಅದು ಬಾಳಿದ ಬಾಳಿನ ಗುರುತೋ? ಎರಡನ್ನೂ ಕೊಡಲು ಬರುವುದಿಲ್ಲ. ಮೊದಲಿನ ರೂಪವನ್ನು ಕೊಡಹೋದವನು ಬಾಳಿನ ಗುರುತನ್ನು ಅಳಿಸಬೇಕಾಗುತ್ತದೆ.

ಈ ಪ್ರಶ್ನೆಯು ಎಲ್ಲ ಹಳೆಯ ವಸ್ತುಗಳಿಗೂ ಸಲ್ಲುವುದಾದರೂ ಹಳೆಯ ಬಂದೂಕಿನ ಮರದ ಹಿಡಿಯಲ್ಲಿ ಅದು ತೋರುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ತೋರಲಾರದು. ಬಂದೂಕು ಅರ್ಧ ಕಬ್ಬಿಣ, ಅರ್ಧ ಮರ. ಕಬ್ಬಿಣದ ಭಾಗವು ಆಯುಧ. ಮರದ ಭಾಗವು ಮನುಷ್ಯನಿಗೆ ಸೇರಿದ್ದು. ಹೆಗಲು ತಾಗುವುದು ಮರಕ್ಕೆ, ಗಲ್ಲವನ್ನು ಆನಿಸುವುದು ಮರಕ್ಕೆ, ಅಂಗೈಯ ಬೆವರು ಇಳಿಯುವುದು ಮರದೊಳಕ್ಕೆ. ನಳಿಗೆಯನ್ನು ಯಾವ ದೇಶದ ಯಾವ ಕಾರ್ಖಾನೆ ಮಾಡಿತೆಂಬುದು ಅದರ ಮೇಲಿನ ಮುದ್ರೆಯಿಂದ ತಿಳಿದೀತು. ಅದನ್ನು ಹಿಡಿದು ಬಾಳಿದವರು ಎಂಥವರೆಂಬುದು ಏನಾದರೂ ತಿಳಿಯುವುದಿದ್ದರೆ ಮರದಿಂದಲೇ ತಿಳಿಯಬೇಕು.

ವಿಜಯಪುರದಿಂದ ತಿಕೋಟೆಯ ಕಡೆಗಾಗಲಿ ಬಬಲೇಶ್ವರದ ಕಡೆಗಾಗಲಿ ಹೋದರೆ ಕಣ್ಣು ಹರಿಯುವವರೆಗೆ ಎರೆಯ ಭೂಮಿ. ಬಿಳಿಜೋಳ, ಕಡಲೆ, ಅಗಸೆಗಳ ನಾಡು. ಈಚಿನ ದಿನಗಳಲ್ಲಿ ದ್ರಾಕ್ಷಿಯ ನಾಡೂ ಹೌದು. ಇಂಥ ಸೀಮೆಯ ಹಳೆಯ ವಾಡೆಗಳಲ್ಲಿ, ದೇಸಗತಿಯೋ ಗೌಡಿಕೆಯೋ ಇದ್ದ ಮನೆತನಗಳಲ್ಲಿ, ಬಂದೂಕೊಂದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದುಂಟು. ಬೆಳೆಯನ್ನು ಕಾಯುವುದಕ್ಕಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಇಟ್ಟುಕೊಳ್ಳುವವರಿಗೆ ಪರವಾನಿಗೆ ಕೊಡುವ ವಿಷಯವನ್ನು 1959ರ ಶಸ್ತ್ರ ಕಾಯಿದೆಯೇ ಪ್ರತ್ಯೇಕವಾಗಿ ಎತ್ತಿ ಹೇಳಿದೆ. ಮಹಾನವಮಿಯ ಆಯುಧಪೂಜೆಯಂದು ನೇಗಿಲು, ಕೂರಿಗೆಗಳ ಸಾಲಿನಲ್ಲಿ ಬಂದೂಕಿಗೂ ಕುಂಕುಮ ಏರುತ್ತದೆ. ಉಳಿದ ದಿನಗಳಲ್ಲಿ ಅದು ಮೂಲೆಯಲ್ಲಿ ನಿಂತಿರುತ್ತದೆ.

ಆ ಮೂಲೆಯಲ್ಲಿ ನಿಲ್ಲುವುದೇ ಅದಕ್ಕೆ ಕೇಡು. ಕೀಲು ತುಕ್ಕು ಹಿಡಿಯದಿರಲೆಂದು ಮನೆಯವರು ಎಣ್ಣೆ ಬಿಡುತ್ತಾರೆ. ಬಾಯಿ ಮೇಲಾಗಿ ನಿಲ್ಲಿಸಿದ ಬಂದೂಕಿನಲ್ಲಿ ಆ ಎಣ್ಣೆಯು ಕಬ್ಬಿಣದಿಂದ ಮೆಲ್ಲಗೆ ಇಳಿದು ಮರದ ತಲೆಯನ್ನು ಸೇರುತ್ತದೆ. ವರ್ಷಗಳ ಮೇಲೆ ವರ್ಷ ಎಣ್ಣೆ ಕುಡಿದ ಮರವು ಕಪ್ಪಾಗಿ, ಮೆತ್ತಗಾಗಿ, ಉಗುರಿಗೆ ಸಿಗುವಂತಾಗುತ್ತದೆ. ಹಿಡಿಯ ಅತ್ಯಂತ ತೆಳುವಾದ ಭಾಗವು ಕುದುರೆಯ ಹಿಂದೆ, ಮುಷ್ಟಿಯು ಹಿಡಿಯುವ ಕೊರಳಿನಲ್ಲಿ ಇದೆ. ಕೀಲಿನ ಯಂತ್ರವನ್ನು ಕೂಡಿಸಲು ಅಲ್ಲಿಯೇ ಮರವನ್ನು ಒಳಗಿನಿಂದ ಕೊರೆದಿರುತ್ತಾರೆ. ಹೀಗೆ ಹೊರಗೆ ಸಣ್ಣ, ಒಳಗೆ ಪೊಳ್ಳು, ಮೇಲಾಗಿ ಎಣ್ಣೆಯಿಂದ ಕೊಳೆತದ್ದು. ಒಮ್ಮೆ ಗೋಡೆಯಿಂದ ಜಾರಿ ಕಡಪದ ಕಲ್ಲಿನ ಮೇಲೆ ಬಿದ್ದಿತೆಂದರೆ ಕೊರಳು ಮುರಿಯುವುದು ಮನುಷ್ಯನಲ್ಲಿ ಹೇಗೋ ಬಂದೂಕಿನಲ್ಲಿಯೂ ಹಾಗೆಯೇ. ಬೇಸಗೆಯಲ್ಲಿ ನಾಲ್ವತ್ತು ಅಂಶವನ್ನು ಮೀರುವ ಈ ಸೀಮೆಯ ಬಿಸಿಲು, ಮಳೆಗಾಲದ ತೇವ, ಇವೆರಡರ ನಡುವೆ ಮರವು ಉಬ್ಬುತ್ತ ಸೊರಗುತ್ತ ಮೊಳೆತಿರುಪುಗಳ ಸುತ್ತ ಬಿರುಕು ಬಿಡುವುದು ಬೇರೆ. ಬಂದೂಕನ್ನು ಬಾಯಿ ಕೆಳಗಾಗಿ ಇಡಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಇಂಥದೊಂದು ಬಂದೂಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜೋಡುನಳಿಗೆಯದು, ಕೇಪು ಹೊಡೆದು ಹಾರಿಸುವಂಥದು, ಪರದೇಶದ ಅಕ್ರೋಡಿನ ಮರದ ಹಿಡಿಯುಳ್ಳದ್ದು. ಕೊರಳು ಎಂದೋ ಒಮ್ಮೆ ಸೀಳಿದೆ. ಆಗ ಊರಿನ ಕಂಬಾರನು ಹಿತ್ತಾಳೆಯ ತಗಡನ್ನು ಸುತ್ತಿ ಮೊಳೆ ಹೊಡೆದು ಬಿಗಿದಿದ್ದಾನೆ. ಕೆಲಸವು ಒರಟು, ಮೊಳೆಗಳು ಒಂದೇ ಸಾಲಿನಲ್ಲಿಲ್ಲ. ಹಿಂಬದಿಯ ಮೂಲೆಯೊಂದು ಹಾರಿಹೋಗಿ ಅಲ್ಲಿ ಸಾಗವಾನಿಯ ತುಂಡೊಂದು ಕೂತಿದೆ, ಬಣ್ಣ ಕೂಡಿಲ್ಲ. ಈಗ ತಗಡಿನ ಕೆಳಗೆ ಮರವು ಮತ್ತೆ ಬಾಯಿ ಬಿಟ್ಟಿದೆ. ಮನೆಯ ಈಗಿನ ಯಜಮಾನನು ಅದನ್ನು ಕುಶಲನಾದ ಬಡಿಗನ ಮುಂದೆ ತಂದಿಟ್ಟು, ಮೊದಲು ಹೇಗಿತ್ತೋ ಹಾಗೆ ಮಾಡಿಕೊಡೆಂದು ಕೇಳುತ್ತಾನೆ. ಕೇಳುವವನಿಗೆ ಈ ಮಾತು ಸರಳವಾಗಿ ತೋರುತ್ತದೆ. ಯಾವ ಮೊದಲು?

ಇಲ್ಲಿ ಒಂದು ಭೇದವನ್ನು ಆರಂಭದಲ್ಲಿಯೇ ಮಾಡಿಕೊಳ್ಳದಿದ್ದರೆ ವಿಚಾರವೆಲ್ಲ ಕಲಸಿಹೋಗುತ್ತದೆ. ಆ ಬಂದೂಕನ್ನು ಇನ್ನು ಹಾರಿಸುವವರಿದ್ದಾರೆಯೋ ಇಲ್ಲವೋ? ಹಾರಿಸುವುದಾದರೆ ಹಳಮೆ, ನೆನಪು, ಸೌಂದರ್ಯ ಇವುಗಳಿಗೆ ಮಾತಿಲ್ಲ. ಗುಂಡು ಮುಂದಕ್ಕೆ ಹೋದಷ್ಟೇ ನಿಶ್ಚಯವಾಗಿ ಒದೆತವು ಹಿಂದಕ್ಕೆ ಬರುತ್ತದೆ. ಆ ಒದೆತವನ್ನು ಹೊರತಕ್ಕದ್ದು ಇದೇ ಸೀಳಿದ ಕೊರಳು. ಅದು ಕೈಯಲ್ಲಿ ಸಿಡಿದರೆ ಹಿಡಿದವನ ಬೆರಳು, ಕಣ್ಣು ಉಳಿಯುವ ಭರವಸೆಯಿಲ್ಲ. ಮರವೊಂದೇ ಅಲ್ಲ, ಹಳೆಯ ಕರಿಮದ್ದಿಗಾಗಿ ಕಬ್ಬಿಣದ ಪಟ್ಟಿಗಳನ್ನು ಸುರುಳಿಸುತ್ತಿ ಬೆಸೆದು ಮಾಡಿದ ನಳಿಗೆಗಳು ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ತಾಳಲಾರವು. ಆದುದರಿಂದ ಹಾರಿಸುವ ಬಂದೂಕಿನ ದುರಸ್ತಿಯು ಪರವಾನಿಗೆ ಪಡೆದ ಬಂದೂಕುಗಾರನ ಕೆಲಸ; ಬಡಿಗನದಲ್ಲ. ಕಾಯಿದೆಯ 5ನೆಯ ಕಲಮೂ ಪರವಾನಿಗೆಯಿಲ್ಲದೆ ಬಂದೂಕನ್ನು ದುರಸ್ತಿ ಮಾಡುವುದನ್ನು ತಯಾರಿಕೆ, ಮಾರಾಟಗಳ ಸಾಲಿನಲ್ಲಿಯೇ ನಿಷೇಧಿಸಿದೆ. ಇಲ್ಲಿ ಧರ್ಮಸಂಕಟವೇನೂ ಇಲ್ಲ; ಅಳುಕದೆ ಹೊಸ ಮರವನ್ನೇ ಹಾಕಬೇಕಾದರೆ ಹಾಕತಕ್ಕದ್ದು.

ಅದೇ ಕಾಯಿದೆಯ 45ನೆಯ ಕಲಮಿನಲ್ಲಿ ಒಂದು ಸ್ವಾರಸ್ಯದ ಮಾತಿದೆ. ಹಳೆಯ ಮಾದರಿಯ, ಅಥವಾ ಪುರಾತನವೆಂದು ಬೆಲೆಯುಳ್ಳ, ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದಂಥದಾದರೆ ಈ ಕಾಯಿದೆಯು ಅದಕ್ಕೆ ಅನ್ವಯಿಸುವುದಿಲ್ಲ. ಕಾನೂನು ಬರೆದವರು ತತ್ತ್ವಶಾಸ್ತ್ರ ಹೇಳಲು ಹೊರಟವರಲ್ಲ. ಆದರೂ ಅವರು ಒಂದು ತತ್ತ್ವದ ಹೊಸ್ತಿಲನ್ನು ಮುಟ್ಟಿದ್ದಾರೆ. ಮುರಿದ ಬಂದೂಕು ಬಂದೂಕಾಗಿ ಉಳಿಯುವುದು ಅದು ಮುರಿದಿಲ್ಲವೆಂಬುದರಿಂದಲ್ಲ, ಅದನ್ನು ಸರಿಪಡಿಸಲು ಬರುತ್ತದೆಂಬುದರಿಂದ. ಸರಿಪಡಿಸಲಾಗದ ಬಂದೂಕು ಕಾನೂನಿನ ಕಣ್ಣಿನಲ್ಲಿ ಆಯುಧವಲ್ಲ. ಅದು ಮರ ಮತ್ತು ಕಬ್ಬಿಣಗಳಲ್ಲಿ ಬರೆದ ಒಂದು ಕಾಗದಪತ್ರದಂತೆ. ಇನ್ನು ಮುಂದಿನ ವಿಚಾರವು ಇಂಥ ಬಂದೂಕಿನದು.

ಮಿಲಿಂದ ರಾಜನಿಗೂ ನಾಗಸೇನ ಭಿಕ್ಷುವಿಗೂ ನಡೆದ ಸಂವಾದವು ಪ್ರಸಿದ್ಧವಾದದ್ದು. ರಥವೆಂದರೆ ಗಾಲಿಯೇ, ಅಚ್ಚೇ, ನೊಗವೇ ಎಂದು ಭಿಕ್ಷುವು ಒಂದೊಂದನ್ನೇ ಎತ್ತಿ ಕೇಳಿ, ಯಾವುದೂ ರಥವಲ್ಲ, ಅವುಗಳ ಕೂಟಕ್ಕೆ ರಥವೆಂಬ ಹೆಸರಷ್ಟೇ ಇದೆಯೆಂದು ಅರಸನನ್ನು ಒಪ್ಪಿಸುತ್ತಾನೆ. ಈ ವಾದವನ್ನು ನಂಬಿದವನಿಗೆ ನಮ್ಮ ಉದಾಹರಣೆಯ ಬಂದೂಕಿಗೆ ಹೊಸ ಹಿಡಿಯನ್ನು ಹಾಕಿಸುವುದರಲ್ಲಿ ಯಾವ ದೋಷವೂ ಕಾಣಲಾರದು. ಕೂಟವು ಕೂಡಿತು, ಹೆಸರು ಉಳಿಯಿತು. ಆದರೆ ಭಿಕ್ಷುವಿನ ಗುರಿಯು ಮಮತೆಯನ್ನು ಬಿಡಿಸುವುದಾಗಿತ್ತು. ಮನೆಯ ಯಜಮಾನನು ಬಡಿಗನಲ್ಲಿಗೆ ಬಂದಿರುವುದು ಮಮತೆಯಿಂದಲೇ. ಅವನಿಗೆ ಬೇಕಾದದ್ದು ಯಾವುದೋ ಒಂದು ಜೋಡುನಳಿಗೆಯ ಬಂದೂಕಲ್ಲ, ಅಜ್ಜನು ಹಿಡಿದದ್ದು. ಅಜ್ಜನ ಗಲ್ಲದಿಂದ ನುಣುಪಾದ ಮರವನ್ನು ಕಿತ್ತೊಗೆದು ಅಜ್ಜನ ಬಂದೂಕನ್ನು ಉಳಿಸಿಕೊಂಡೆನೆನ್ನುವುದು ಒಪ್ಪತಕ್ಕ ಮಾತಲ್ಲ.

ಇನ್ನೊಂದು ಕಡೆಯಿಂದ ದೇವಾಲಯದ ಸಂಪ್ರದಾಯವು ಮಾತಾಡುತ್ತದೆ. ಭಿನ್ನವಾದ ವಿಗ್ರಹವನ್ನು ಪೂಜಿಸಬಾರದು. ಜೀರ್ಣವಾದುದನ್ನು ಉದ್ಧರಿಸಿ ಹೊಸದನ್ನು ಪ್ರತಿಷ್ಠಾಪಿಸಬೇಕೆಂದು ಆಗಮಗಳ ವಿಧಿ. ಇದಕ್ಕೆ ಕಾರಣವಿದೆ: ಅಲ್ಲಿ ಮುಖ್ಯವಾದದ್ದು ಕಲ್ಲಲ್ಲ, ಕಲ್ಲಿನಲ್ಲಿ ಆವಾಹಿತವಾದ ಸಾನ್ನಿಧ್ಯ, ಸಾನ್ನಿಧ್ಯವನ್ನು ಒಂದು ಕಲ್ಲಿನಿಂದ ಇನ್ನೊಂದಕ್ಕೆ ತರುವ ಕ್ರಮವೂ ಶಾಸ್ತ್ರದಲ್ಲಿದೆ. ನೆನಪಿಗೆ ಅಂಥ ಕ್ರಮವಿಲ್ಲ. ಅದು ಹಳೆಯ ಮರದಿಂದ ಹೊಸ ಮರಕ್ಕೆ ಮಂತ್ರದಿಂದ ಬರುವುದಿಲ್ಲ.

ಪಶ್ಚಿಮ ದೇಶಗಳಲ್ಲಿ ಈ ಚರ್ಚೆಯು ಕಟ್ಟಡಗಳ ನೆವದಿಂದ ಬೆಳೆಯಿತು. ರಸ್ಕಿನ್ ಮಹಾಶಯನು 1849ರಲ್ಲಿಯೇ, ಹಳೆಯ ಕಟ್ಟಡವನ್ನು ಮೊದಲಿನಂತೆ ಮಾಡುತ್ತೇವೆನ್ನುವುದು ಮೊದಲಿನಿಂದ ಕೊನೆಯವರೆಗೆ ಸುಳ್ಳೆಂದು ವಾದಿಸಿದನು. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಅಷ್ಟು ಕಠೋರರಾಗಲಿಲ್ಲ: ಊಹೆಯು ಆರಂಭವಾಗುವಲ್ಲಿ ಪುನರ್ನಿರ್ಮಾಣವು ನಿಲ್ಲಬೇಕು, ಕಳೆದ ಭಾಗಕ್ಕೆ ಹೊಸದನ್ನು ಕೂಡಿಸಿದರೆ ಅದು ಒಟ್ಟಿಗೆ ಹೊಂದಿಕೊಂಡಿರಬೇಕು, ಆದರೆ ಹಳೆಯದೆಂದು ಭ್ರಮೆಗೊಳಿಸುವಂತಿರಬಾರದು ಎಂದರು. ಅವರ ನಿರ್ಣಯವು ಬಂದೂಕಿನ ಮರಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ. ಆದರೂ ಈ ವಿಷಯಕ್ಕಾಗಿ ವೆನಿಸ್‌ವರೆಗೆ ಹೋಗಬೇಕಾದ ಅಗತ್ಯವಿಲ್ಲ. ವಿಜಯಪುರದ ಕೋಟೆಯ ಮೇಲೆಯೇ ಎರಡು ಸಾಕ್ಷಿಗಳು ಬಿದ್ದುಕೊಂಡಿವೆ.

ಮೊದಲನೆಯದು ಮಲಿಕ್-ಎ-ಮೈದಾನ್ ತೋಪು. ಅದನ್ನು 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ ಬಿನ್ ಹಸನ್ ರೂಮಿಯೆಂಬವನು ಎರಕಹೊಯ್ದನು. ಆಮೇಲೆ ಅದು ಕೈ ಬದಲಾಯಿಸಿ ಬಿಜಾಪುರಕ್ಕೆ ಬಂದಿತು. 1686ರಲ್ಲಿ ಪಟ್ಟಣವನ್ನು ಗೆದ್ದ ಔರಂಗಜೇಬನು ತನ್ನ ವಿಜಯವನ್ನು ಸಾರುವ ಬರಹವನ್ನು ಅದರ ಮೇಲೆ ಕೆತ್ತಿಸಿದನು. ಹಾಗಿದ್ದರೂ ಎರಕಹೊಯ್ದವನ ಹೆಸರೂ ನಿಜಾಮಶಾಹಿ ದೊರೆಯ ಹೆಸರೂ ಅದರ ಮೇಲೆ ಇಂದಿಗೂ ಉಳಿದಿವೆ. ಗೆದ್ದ ಪಾದಶಹನು ಕೂಡ ತನ್ನ ಹೆಸರನ್ನು ಹಿಂದಿನವರ ಹೆಸರಿನ ಜೊತೆಗೆ ಸೇರಿಸಿದನೆಂಬುದು ಮರಳುಕಾಗದವನ್ನು ಕೈಯಲ್ಲಿ ಹಿಡಿದು ನಿಂತ ಈಗಿನ ಸಂಗ್ರಾಹಕನು ಕ್ಷಣಕಾಲ ಯೋಚಿಸತಕ್ಕ ಸಂಗತಿ. ಇದೇ ತೋಪನ್ನು 1854ರಲ್ಲಿ ನಿರುಪಯೋಗಿ ಸಾಮಾನೆಂದು ಲಿಲಾವಿಗೆ ಇಟ್ಟಾಗ ಬಂದ ಹೆಚ್ಚಿನ ಸವಾಲು 150 ರೂಪಾಯಿ. ಲೋಹದ ತೂಕಕ್ಕೂ ಸಾಲದ ಬೆಲೆ. ಆ ಬೆಲೆಯು ತೀರ ಅಲ್ಪವೆಂದೂ ಜನರಿಗೆ ಅದರ ಮೇಲೆ ಭಕ್ತಿಯುಂಟೆಂದೂ ಮೇಲಿನವರಿಗೆ ತಿಳಿಸಲಾಗಿ ಮಾರಾಟವು ರದ್ದಾಯಿತು. ಅದನ್ನು ಉಳಿಸಿದ್ದು ಉಪಯೋಗವಲ್ಲ.

ಎರಡನೆಯದು ಉಪ್ಪರಿ ಬುರುಜಿನ ಮೇಲಿನ ಉದ್ದನೆಯ ತೋಪು. 1584ರಲ್ಲಿ ಹೈದರಖಾನನು ಕಟ್ಟಿಸಿದ ಆ ಬುರುಜನ್ನು ಹತ್ತಿದವರಿಗೆ ಒಂಬತ್ತು ಮೀಟರಿಗೂ ಮಿಕ್ಕಿದ ಆ ತೋಪಿನ ರಚನೆಯು ಕಣ್ಣಿಗೆ ಬೀಳದೆ ಇರದು. ಅದು ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಅವುಗಳ ಮೇಲೆ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕಕ್ಕೊಂದು ಬಿಗಿದು ಮಾಡಿದ್ದು. ಬಿಗಿದ ಬಳೆಯು ಕೆಲಸಗಾರನ ಸೋಲಿನ ಗುರುತೆಂದು ಯಾರು ಹೇಳಬಲ್ಲರು? ಇಡೀ ತೋಪೇ ಬಳೆಗಳಿಂದ ನಿಂತಿದೆ. ತಿಕೋಟೆಯ ಕಡೆಯ ಕಂಬಾರನು ಸೀಳಿದ ಹಿಡಿಗೆ ಹಿತ್ತಾಳೆಯನ್ನು ಸುತ್ತುವಾಗ ಅದೇ ಕಸುಬಿನ ಅದೇ ಬುದ್ಧಿಯನ್ನು ಉಪಯೋಗಿಸಿದನು.

ಹೀಗೆ ನೋಡಿದಾಗ ಆ ಒರಟು ತಗಡನ್ನು ಕಿತ್ತುಹಾಕುವುದು ತಪ್ಪೆಂದೇ ಹೇಳಬೇಕಾಗುತ್ತದೆ. ಕಾರ್ಖಾನೆಯಿಂದ ಬಂದಾಗಿನ ಬಂದೂಕು ಈ ಸೀಮೆಗೆ ಸೇರಿದ್ದಾಗಿರಲಿಲ್ಲ. ಅಂಥವು ಸಾವಿರಗಟ್ಟಲೆ ಆದವು. ಮುರಿದು, ಊರಿನ ಕೈಯಿಂದ ಕೂಡಿಸಿಕೊಂಡು, ಸಾಗವಾನಿಯ ತುಂಡನ್ನು ಅಂಟಿಸಿಕೊಂಡ ಮೇಲೆ ಅದು ಇಲ್ಲಿಯದಾಯಿತು. ಮೊದಲಿನ ರೂಪವೆಂದು ಯಜಮಾನನು ಹುಡುಕುತ್ತಿರುವುದು ಅವನ ಮನೆತನದ ಹೊಸ್ತಿಲನ್ನು ದಾಟಿ ಒಳಗೆ ಬರುವುದಕ್ಕೆ ಮೊದಲಿನ ರೂಪ. ಅದರಲ್ಲಿ ಅವನ ಅಜ್ಜನಿಲ್ಲ.

ಇಷ್ಟಕ್ಕೆ, ಹಾಗಾದರೆ ಏನನ್ನೂ ಮಾಡದೆ ಬಿಡುವುದೇ ಧರ್ಮವೇ ಎಂದು ಕೇಳುವವರುಂಟು. ಅಲ್ಲ. ಬಿರುಕು ಬಾಯಿ ಬಿಡುತ್ತಲೇ ಹೋಗುತ್ತದೆ. ಗೆದ್ದಲು ಯಾರ ನೆನಪನ್ನೂ ಗೌರವಿಸುವುದಿಲ್ಲ. ಅಲಕ್ಷ್ಯಕ್ಕೆ ಭಕ್ತಿಯೆಂಬ ಹೆಸರನ್ನಿಟ್ಟು ಸುಮ್ಮನೆ ಕೂಡ್ರುವವನು ಸೋಮಾರಿ. ಬಡಿಗನು ಮಾಡತಕ್ಕ ಕೆಲಸವು ಬೇಕಾದಷ್ಟಿದೆ. ಎಣ್ಣೆ ಕುಡಿದ ಮರಕ್ಕೆ ಸೀಮೆಸುಣ್ಣದ ಪುಡಿಯನ್ನು ಬಳಿದು ಮೆಲ್ಲನೆ ಬೆಚ್ಚಗೆ ಮಾಡಿದರೆ ಎಣ್ಣೆಯು ಪುಡಿಗೆ ಏರುತ್ತದೆ. ಪುಡಿಯು ಕಪ್ಪಾದಂತೆ ತೆಗೆದು ಮತ್ತೆ ಬಳಿಯಬೇಕು. ದಿನಗಳು ಹಿಡಿಯುವ ಕೆಲಸವಿದು; ಮಾಡದಿದ್ದರೆ ಯಾವ ಅಂಟೂ ನಿಲ್ಲುವುದಿಲ್ಲ. ಕುಸಿದ ತಗ್ಗುಗಳ ಮೇಲೆ ಒದ್ದೆ ಅರಿವೆಯನ್ನು ಹಾಸಿ ಬಿಸಿ ಕಬ್ಬಿಣವನ್ನು ತಾಗಿಸಿದರೆ ಒತ್ತಿಹೋದ ಎಳೆಗಳು ಹಬೆಯಿಂದ ಉಬ್ಬಿ ಮೇಲಕ್ಕೆ ಬರುತ್ತವೆ. ಆದರೆ ಅಲ್ಲಿ ತಡೆದು ಕೇಳಬೇಕು: ಈ ತಗ್ಗು ನಿನ್ನೆ ಮೊನ್ನೆ ಆಳು ಬೀಳಿಸಿದ್ದೋ, ಅಥವಾ ಮನೆಯವರು ಕಥೆ ಹೇಳುವಂಥದೋ? ಸೀಳನ್ನು ಕೂಡಿಸಲು ಹಳೆಯ ಬಡಿಗರ ಸರೇಸು ಇದೆ, ಈಗಿನ ರಾಳದ ಅಂಟುಗಳೂ ಇವೆ. ಈಗಿನದು ಬಲವಾದದ್ದು, ಆದರೆ ಒಮ್ಮೆ ಹಿಡಿದರೆ ಬಿಡದು. ಸರೇಸು ಬಿಸಿನೀರಿಗೆ ಮತ್ತೆ ಕರಗುತ್ತದೆ.

ಈ ಕರಗುವ ಗುಣವನ್ನು ದೌರ್ಬಲ್ಯವೆಂದು ಎಣಿಸುವುದು ವಾಡಿಕೆ. ಹಾರಿಸುವ ಬಂದೂಕಿನಲ್ಲಿ ಅದು ದೌರ್ಬಲ್ಯವೇ ಸರಿ. ಕಾಯ್ದಿಡುವ ಬಂದೂಕಿನಲ್ಲಿ ಅದು ವಿನಯ. ಇಂದು ಕೆಲಸ ಮಾಡುವ ಬಡಿಗನಿಗಿಂತ ಹೆಚ್ಚು ಬಲ್ಲವನು ಮುಂದೆ ಹುಟ್ಟಲಿಕ್ಕಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಅವನು ಬಂದಾಗ ಅವನ ಕೈಗೆ ಜಾಗವಿರಬೇಕು.

ಎಲ್ಲಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವುದು ಮರಳುಕಾಗದ. ಮೂಲದ ಕೆಲಸದಲ್ಲಿ ಮರವು ಪಕ್ಕದ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರವಾಗಿರುವಂತೆ ಬಿಡುವುದು ಬಂದೂಕುಗಾರರ ರೂಢಿ. ಹೊಳಪಿನ ಆಸೆಯಿಂದ ಉಜ್ಜಿದಾಗ ಮರವು ಕಬ್ಬಿಣಕ್ಕಿಂತ ಕೆಳಗಿಳಿಯುತ್ತದೆ. ಹಿಡಿಯ ಮೇಲೆ ಕೊರೆದ ಜಾಲರಿಯ ಗೆರೆಗಳು ಮಾಸುತ್ತವೆ. ಯಾರೋ ಚಾಕುವಿನಿಂದ ಕೊರೆದ ಎರಡು ಅಕ್ಷರಗಳು ಪುಡಿಯಾಗಿ ನೆಲಕ್ಕೆ ಬೀಳುತ್ತವೆ. ಸೀಳನ್ನು ಮತ್ತೆ ಬಿಚ್ಚಬಹುದು, ತುಂಡನ್ನು ಮತ್ತೆ ತೆಗೆಯಬಹುದು. ಉಜ್ಜಿದ ಮರವು ಮರಳಿ ಬರುವುದಿಲ್ಲ. ವಿಚಿತ್ರವೆಂದರೆ, ಹಳಮೆಗಾಗಿ ಹಣ ಕೊಡುವವರಲ್ಲಿ ಕೆಲವರಿಗೆ ಹಳಮೆಯು ಹೊಸದರಂತೆ ಹೊಳೆಯಬೇಕು. ನಿಜವಾಗಿ ಬಲ್ಲ ಕೊಳ್ಳುವವರು ಇಂಥ ಹೊಳಪನ್ನು ಕಂಡೊಡನೆ ಬೆಲೆಯನ್ನು ಇಳಿಸುತ್ತಾರೆ.

ಕೊಳ್ಳುವವರ ಮಾತು ಬಂದಿತಾದುದರಿಂದ ಮರೆಮಾಚಿದ ದುರಸ್ತಿಯ ಮಾತನ್ನೂ ಆಡಬೇಕು. ಬಿರುಕು ಕಾಣದಂತೆ ಕೂಡಿಸುವುದು ಕುಶಲತೆಯೇ; ಅದರಲ್ಲಿ ಬಡಿಗನಿಗೆ ಅಭಿಮಾನವಿರುವುದು ಸಹಜ. ಆದರೆ ಆ ವಸ್ತುವು ಒಂದೇ ಕೈಯಲ್ಲಿ ಉಳಿಯುವುದಿಲ್ಲ. ಕಾಣದ ಬಿರುಕನ್ನು ಇಲ್ಲವೆಂದು ನಂಬಿ ಮುಂದಿನವನು ಮದ್ದು ತುಂಬಿದರೆ? ಆಗ ಬಡಿಗನ ಕುಶಲತೆಯೇ ಸುಳ್ಳುಸಾಕ್ಷಿಯಾಗುತ್ತದೆ. ಬಸವಣ್ಣನವರ ಬಾಗೇವಾಡಿಯು ಇದೇ ಜಿಲ್ಲೆಯದು; ಶರಣರ ಕಾಯಕತತ್ತ್ವವು ದುಡಿಮೆಯನ್ನು ಹೊಗಳಿದ್ದಷ್ಟೇ ಅಲ್ಲ, ದುಡಿಮೆಯು ಸತ್ಯಶುದ್ಧವಾಗಿರಬೇಕೆಂದು ಕಟ್ಟು ಹಾಕಿದೆಯೆಂಬುದನ್ನು ಈ ನೆಲದ ಬಡಿಗನಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಬಂದೂಕು ಕೊಲ್ಲುವ ವಸ್ತು. ಅದನ್ನು ಸರಿಪಡಿಸಿ ಕಾಯ್ದಿಡುವುದೇಕೆ, ಮುರಿದದ್ದು ಮುರಿದುಹೋಗಲಿ ಎನ್ನುವವರ ಮಾತಿಗೆ ತೂಕವಿದೆ. ವಾಡೆಯ ಬಂದೂಕಿನ ಮುಂದೆ ತಲೆತಗ್ಗಿಸಿ ನಿಂತವರ ಮಕ್ಕಳೂ ಅದೇ ಊರಿನಲ್ಲಿದ್ದಾರೆ; ಅಜ್ಜನ ನೆನಪೆಂದು ಒಬ್ಬರು ಕೈಮುಗಿಯುವ ಮರವು ಇನ್ನೊಬ್ಬರಿಗೆ ಬೇರೆ ನೆನಪನ್ನು ತಂದೀತು. ಆದರೆ ಇದೇ ಸೀಮೆಯಲ್ಲಿ ಆಯುಧವನ್ನು ಕಳೆದುಕೊಳ್ಳುವುದೇ ಮಾನವನ್ನು ಕಳೆದುಕೊಳ್ಳುವುದೆಂದು ತಿಳಿದವರೂ ಇದ್ದರು. 1857ರಲ್ಲಿ ಕಂಪನಿ ಸರಕಾರವು ಆಯುಧಗಳನ್ನು ಒಪ್ಪಿಸಿರೆಂದು ಅಪ್ಪಣೆ ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರದಲ್ಲಿ ದಂಡು ಬಂದು ಊರನ್ನು ಮುತ್ತಿತು. ಆ ಕಥೆಯು ಲಾವಣಿಯಾಗಿ ಉಳಿಯಿತು. ಹೀಗಿರುವಾಗ ಹಳೆಯ ಬಂದೂಕೊಂದು ದರ್ಪಕ್ಕೆ ಸಾಕ್ಷಿಯೋ ಸ್ವಾಭಿಮಾನಕ್ಕೆ ಸಾಕ್ಷಿಯೋ ಎಂಬುದನ್ನು ಅದನ್ನು ನೋಡುವ ಮೊದಲೇ ತೀರ್ಮಾನಿಸಲು ಬರುವುದಿಲ್ಲ; ಎರಡಕ್ಕೂ ಆಗಿದ್ದೀತು. ಸಾಕ್ಷಿಯು ಅಪ್ರಿಯವೆಂದು ಅದರ ನಾಲಗೆಯನ್ನು ಕೊಯ್ಯುವುದೂ ಪ್ರಿಯವಾಗಲೆಂದು ಅದಕ್ಕೆ ಬಣ್ಣ ಬಳಿಯುವುದೂ ಒಂದೇ ಬಗೆಯ ಅನ್ಯಾಯ. ಗುರುತುಗಳನ್ನು ಅಳಿಸಬಾರದೆಂಬುದಕ್ಕೆ ಮನೆತನದ ಮಮತೆಗಿಂತ ಬಲವಾದ ಕಾರಣ ಇದು: ಆ ಮರವು ಮನೆತನಕ್ಕೆ ಮಾತ್ರ ಸೇರಿದ್ದಲ್ಲ.

ಆದುದರಿಂದ ಆ ಬಡಿಗನು ಮೊದಲು ಯಜಮಾನನ ಕಾಗದಪತ್ರಗಳನ್ನು ಕೇಳತಕ್ಕದ್ದು. ಬಂದೂಕು ಹಾರಿಸಲು ಬರುವಂಥದಾದರೆ ಮುಟ್ಟದೆ ಪರವಾನಿಗೆಯುಳ್ಳವನ ಕಡೆಗೆ ಕಳಿಸತಕ್ಕದ್ದು. ಬಾರದಂಥದಾದರೆ ಹಿತ್ತಾಳೆಯ ತಗಡನ್ನು ಮೊಳೆ ಸಹಿತ ಮೆಲ್ಲಗೆ ಬಿಚ್ಚಿ, ಒಳಗಿನ ಸೀಳನ್ನು ಸರೇಸಿನಿಂದ ಕೂಡಿಸಿ, ಅದೇ ತಗಡನ್ನು ಅದೇ ಮೊಳೆಯ ತೂತುಗಳಿಗೆ ಮತ್ತೆ ಕೂಡ್ರಿಸಬೇಕು. ಸೊಟ್ಟ ಸಾಲನ್ನು ನೆಟ್ಟಗೆ ಮಾಡಹೋಗಬಾರದು. ಸಾಗವಾನಿಯ ತುಂಡು ಇದ್ದಲ್ಲಿಯೇ ಇರಲಿ. ಮರಕ್ಕೆಲ್ಲ ಅಗಸೆಯೆಣ್ಣೆಯನ್ನು ಅಂಗೈಯಿಂದ ತೆಳ್ಳಗೆ ತಿಕ್ಕಿ, ಒಂದು ಪದರವು ಗಾಳಿಗೆ ಪೂರ್ತಿ ಒಣಗಿದ ಮೇಲೆ ಇನ್ನೊಂದನ್ನು ಹಚ್ಚಬೇಕು. ಅದಕ್ಕೆ ಬೇಕಾದ ಎಣ್ಣೆಯು ದೋಣಿ ನದಿಯ ಎರೆಯ ಹೊಲಗಳಲ್ಲಿಯೇ ಬೆಳೆಯುತ್ತದೆ. ಹಿಡಿಯ ಹಿಂಬದಿಯ ಕಬ್ಬಿಣದ ತಗಡನ್ನು ತೆಗೆದರೆ ಒಳಗೆ ಬಹುಶಃ ಸಣ್ಣದೊಂದು ಪೊಳ್ಳು ಇರುತ್ತದೆ. ಯಾವ ವರ್ಷ, ಎಲ್ಲಿ ಸೀಳಿತ್ತು, ಯಾವ ಅಂಟಿನಿಂದ ಕೂಡಿಸಿತು, ತಗಡು ಅದಕ್ಕೂ ಹಿಂದಿನದೆಂಬ ಮಾತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮಡಚಿ ಆ ಪೊಳ್ಳಿನಲ್ಲಿಟ್ಟು ತಿರುಪುಗಳನ್ನು ಬಿಗಿಯಬೇಕು. ಹೊರಗಿನಿಂದ ಅದು ಕಾಣುವುದಿಲ್ಲ. ಮುಂದೊಮ್ಮೆ ಮರವು ಮತ್ತೆ ಬಾಯಿ ಬಿಟ್ಟಾಗ, ಬಿಚ್ಚುವ ಕೈಗೆ ಸಿಕ್ಕೀತು.